ಕೆಳಗೆ 1962 ಅಂತ ಬರೆದಿದೆ: ಒಂದು ಗುಲಾಬಿ ಟೀ ಸೆಟ್ಟಿನ ಪ್ರಕರಣ

ಕಳೆದ ಅಕ್ಟೋಬರಿನ ಒಂದು ಭಾನುವಾರ ನನ್ನ ಅಡುಗೆಮನೆಯ ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆ ಬಂದು ಕೂತವು. ಒಳಗೆ ಹಳೆ ಪೇಪರಿನಲ್ಲಿ ಸುತ್ತಿದ 22 ಪಿಂಗಾಣಿ ಸಾಮಾನು. ತಂದವಳು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟಿನಲ್ಲಿ ನರ್ಸ್ ಆಗಿರುವ, ಹುಬ್ಬಳ್ಳಿ ಕಡೆಯ ಗೆಳತಿ. ನಾನು ಧಾರವಾಡದವಳು ಅಂತ ತಿಳಿದ ದಿನದಿಂದ ನನಗೆ ‘ಅಕ್ಕಾ’ ಅನ್ನುತ್ತಾಳೆ. ನಾನು ಹದಿನೈದು ವರ್ಷದಿಂದ ಬೋನ್ ಚೈನಾ ಎಂಬ ತೆಳು ಪಿಂಗಾಣಿಯ ಇಂಗ್ಲಿಷ್ ಕಪ್ಪು-ಬಸಿ ಕೂಡಿಹಾಕುತ್ತಿರುವುದು ಅವಳಿಗೆ ಗೊತ್ತು. ಮನೆಯಲ್ಲಿ ಇನ್ನು ಜಾಗವಿಲ್ಲ ಅಂತ ನನ್ನ ಗಂಡ ಗೊಣಗುವುದೂ ಗೊತ್ತು.

ಒಂದು ಕಪ್ಪನ್ನು ಬೋರಲು ಹಾಕಿ ಮುಖದ ಹತ್ತಿರ ಹಿಡಿದಳು. "ಅಕ್ಕಾ, ಕೆಳಗ ನೋಡ್ರಿ. 1962 ಅಂತ ಬರದೈತಿ. ಅರವತ್ತು ವರ್ಷ ದಾಟಿದ್ದು!"

ಅವಳ ಖುಷಿ ನೋಡಿ ನಾನು ತಕ್ಷಣ ಏನೂ ಅನ್ನಲಿಲ್ಲ. ಆ ನಾಲ್ಕು ಅಂಕಿಗಳು ಈ ಹವ್ಯಾಸಕ್ಕೆ ಹೊಸದಾಗಿ ಬಂದ ಎಷ್ಟೋ ಜನರನ್ನು ಎಡವಿಸಿವೆ. ಮೊದಲ ಸಲ ನಾನೂ ಎಡವಿದ್ದೆ.

ಸೆಟ್ಟು ಬಂದದ್ದು ಹೀಗೆ. ಪಕ್ಕದ ಜಿಲ್ಲೆಯ ಒಂದು ಹರಾಜು ಮನೆಯಲ್ಲಿ ತೀರಿಕೊಂಡ ಹಿರಿಯರೊಬ್ಬರ ಮನೆ ಸಾಮಾನು ಮಾರಾಟಕ್ಕಿತ್ತು. ಪಟ್ಟಿಯಲ್ಲಿ ‘ರಾಯಲ್ ಆಲ್ಬರ್ಟ್, ಓಲ್ಡ್ ಕಂಟ್ರಿ ರೋಸಸ್, 1962, 22 ನಗ’ ಎಂದು ಬರೆದಿದ್ದರು. ಇವಳು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಫೋಟೋ ನೋಡಿ ಕೂಗಿದ್ದಳು. 110 ಪೌಂಡಿಗೆ ಸುತ್ತಿಗೆ ಬಿತ್ತು. ಅದರ ಮೇಲೆ ಶೇಕಡಾ 25 ಕಮಿಷನ್, ಕಮಿಷನ್ ಮೇಲೆ ವ್ಯಾಟ್. ಒಟ್ಟು 143 ಪೌಂಡ್. ಹರಾಜಿನಲ್ಲಿ ಕೂಗುವ ಹೊತ್ತಿಗೆ ಕಮಿಷನ್ ಯಾರಿಗೂ ನೆನಪಿರುವುದಿಲ್ಲ. ದೀಪಾವಳಿಗೆ ಬೈಲಹೊಂಗಲದಿಂದ ಅತ್ತೆ-ಮಾವ ಮೊದಲ ಸಲ ಇಂಗ್ಲೆಂಡಿಗೆ ಬರುವವರಿದ್ದರು. ಅವರಿಗೆ ಇಂಗ್ಲಿಷರ ಕಪ್ಪಿನಲ್ಲೇ ಚಹಾ ಕೊಡಬೇಕೆಂಬುದು ಅವಳ ಆಸೆ. ನನ್ನಿಂದ ಅವಳಿಗೆ ಎರಡು ಮಾತು ಬೇಕಿತ್ತು: ಇದು ನಿಜವಾಗಿ 1962ರದ್ದೇ? ಕೊಟ್ಟ ದುಡ್ಡಿಗೆ ಮೋಸವಿಲ್ಲ ತಾನೆ? ಮೂರನೆಯ ಪ್ರಶ್ನೆ ಆಮೇಲೆ ಬಂತು. ಅದು ನನಗೂ ಹೊಳೆದಿರಲಿಲ್ಲ.

ಈ ಗುಲಾಬಿ ಹುಟ್ಟಿದ ಊರು

ಸ್ಟೋಕ್ ಅನ್ನುವುದು ಒಂದೇ ಊರಲ್ಲ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು 1910ರಲ್ಲಿ ಕೂಡಿ ಒಂದಾದವು. (ನಮ್ಮ ಹುಬ್ಬಳ್ಳಿ-ಧಾರವಾಡ ಒಂದೇ ಪಾಲಿಕೆಯಾದದ್ದು ಸರಿಯಾಗಿ ಆ 1962ರಲ್ಲಿ. ಇದನ್ನು ಹೇಳಿದಾಗ ಗೆಳತಿ ಜೋರಾಗಿ ನಕ್ಕಳು.) ಆರರಲ್ಲಿ ದಕ್ಷಿಣದ ತುದಿಯ ಲಾಂಗ್ಟನ್ ಬೋನ್ ಚೈನಾದ ಊರು. ಐನ್ಸ್‌ಲಿ, ಪ್ಯಾರಗನ್, ಶೆಲ್ಲಿ, ರಾಯಲ್ ಆಲ್ಬರ್ಟ್ ಎಂಬ ಹೆಸರಾಂತ ಪಿಂಗಾಣಿಗಳೆಲ್ಲ ಅಲ್ಲಿಯವೇ. ಈಗ ಅಲ್ಲಿಗೆ ಹೋದರೆ ಗ್ಲ್ಯಾಡ್‌ಸ್ಟನ್ ಮ್ಯೂಸಿಯಮ್ಮಿನ ಅಂಗಳದಲ್ಲಿ ಬಾಟಲಿಯ ಆಕಾರದ ಇಟ್ಟಿಗೆ ಭಟ್ಟಿಗಳು ನಿಂತಿವೆ. ಹಿಂದೆ ಇಂಥವು ಈ ಆರು ಊರುಗಳಲ್ಲಿ ಸಾವಿರಗಟ್ಟಲೆ ಇದ್ದು, ಆಕಾಶವೇ ಕಾಣದಷ್ಟು ಕಲ್ಲಿದ್ದಲ ಹೊಗೆ ಬಿಡುತ್ತಿದ್ದವು. 1956ರ ಶುದ್ಧ ಗಾಳಿಯ ಕಾಯ್ದೆ ಬಂದ ಮೇಲೆ ಒಂದೊಂದಾಗಿ ಆರಿದವು. ಈಗ ಉಳಿದವು ಐವತ್ತಕ್ಕೂ ಕಡಿಮೆ.

ರಾಯಲ್ ಆಲ್ಬರ್ಟ್ ಎಂಬ ಹೆಸರಿಗೂ ಒಂದು ಕತೆಯಿದೆ. ಥಾಮಸ್ ಕ್ಲಾರ್ಕ್ ವೈಲ್ಡ್ 1890ರ ದಶಕದಲ್ಲಿ ಲಾಂಗ್ಟನ್ನಿನಲ್ಲಿ ಕಾರ್ಖಾನೆ ಕೊಂಡರು. 1895ರಲ್ಲಿ ಹುಟ್ಟಿದ ರಾಜಕುಮಾರ ಆಲ್ಬರ್ಟನ ಹೆಸರನ್ನು, ಅಂದರೆ ಮುಂದೆ ಆರನೇ ಜಾರ್ಜ್ ದೊರೆಯಾದವನ ಹೆಸರನ್ನು, ಅದಕ್ಕಿಟ್ಟರು. 1904ರಲ್ಲಿ ಅರಮನೆಯ ಮನ್ನಣೆ ಸಿಕ್ಕಿತು, ‘ರಾಯಲ್’ ಸೇರಿಕೊಂಡಿತು. ಆದರೆ ಅದು ಸಾಮಾನಿನ ಮೇಲಿನ ಹೆಸರಷ್ಟೆ. ಕಂಪನಿಯ ಹೆಸರು ದಶಕಗಟ್ಟಲೆ ಥಾಮಸ್ ಸಿ. ವೈಲ್ಡ್ ಅಂಡ್ ಸನ್ಸ್ ಎಂದೇ ಇತ್ತು. ಅದು ‘ರಾಯಲ್ ಆಲ್ಬರ್ಟ್ ಲಿಮಿಟೆಡ್’ ಆದದ್ದು 1970ರಲ್ಲಿ. ಈ ಇಸವಿ ನೆನಪಿರಲಿ, ಪ್ರಕರಣದ ಕೀಲಿ ಇದೇ.

1962ರಲ್ಲಿ ಅಲ್ಲಿಯ ಮುಖ್ಯ ವಿನ್ಯಾಸಕಾರ ಹೆರಾಲ್ಡ್ ಹೋಲ್ಡ್‌ಕ್ರಾಫ್ಟ್, ಕಿಂಗ್ಸ್ ರ‍್ಯಾನ್ಸಮ್ ಎಂಬ ಹಳೆಯ ಗುಲಾಬಿ ವಿನ್ಯಾಸವನ್ನು ತಿದ್ದಿ ಓಲ್ಡ್ ಕಂಟ್ರಿ ರೋಸಸ್ ಮಾಡಿದರು. ಕಡುಗೆಂಪು, ಹಳದಿ, ನಸುಗೆಂಪು ಗುಲಾಬಿಗಳ ಗೊಂಚಲು, ಅಂಚಿಗೆ ಚಿನ್ನದ ಗೆರೆ. ಅಂದಿನಿಂದ ಹತ್ತು ಕೋಟಿಗಿಂತ ಹೆಚ್ಚು ನಗ ಮಾರಾಟವಾಗಿವೆ. ಹೀಗಾಗಿ ಇದು ಅಪರೂಪದ ವಸ್ತು ಅಂತ ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬರಬೇಕು. ನಮ್ಮಲ್ಲಿ ಮದುವೆಗೆ ಸ್ಟೀಲ್ ಪಾತ್ರೆ ಕೊಟ್ಟಂತೆ ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮದುವೆಗೆ ಇದನ್ನು ಕೊಡುತ್ತಿದ್ದರು, ಪ್ರತಿ ಹುಟ್ಟುಹಬ್ಬಕ್ಕೆ ಒಂದೊಂದು ತಟ್ಟೆ ಸೇರಿಸುತ್ತಿದ್ದರು. ಈ ಸೇರಿಸುವ ಪದ್ಧತಿಯೂ ಮುಂದೆ ನಮ್ಮ ತನಿಖೆಗೆ ಬರುತ್ತದೆ.

ಬುಡದ ಮುದ್ರೆ

ಮೊದಲು ಎಲ್ಲವನ್ನೂ ಮೇಜಿನ ಮೇಲೆ ಬೋರಲು ಹಾಕಿದೆವು. ಹೂವು ನೋಡುವುದನ್ನು ಬಿಟ್ಟು ಬುಡ ನೋಡು ಅನ್ನುವುದು ಈ ಹವ್ಯಾಸದ ಅಆಇಈ. ಆರು ಕಪ್ಪು, ಆರು ಬಸಿ, ಆರು ಸಣ್ಣ ತಟ್ಟೆ, ಬ್ರೆಡ್ಡು ಇಡುವ ಒಂದು ದೊಡ್ಡ ತಟ್ಟೆ, ಹಾಲಿನ ಜಗ್ಗು, ಸಕ್ಕರೆ ಬಟ್ಟಲು. ಇಲ್ಲಿಗೆ 21. ಇಂಗ್ಲಿಷರ ಲೆಕ್ಕದಲ್ಲಿ ಟೀ ಸೆಟ್ಟು ಎಂದರೆ ಇಷ್ಟೇ. ಟೀಪಾಟನ್ನು ಬಹಳ ಸಲ ಬೇರೆಯಾಗಿಯೇ ಮಾರುತ್ತಿದ್ದರು. ನಮ್ಮ ಪೆಟ್ಟಿಗೆಯಲ್ಲಿ ಇಪ್ಪತ್ತೆರಡನೆಯದಾಗಿ ಒಂದು ಟೀಪಾಟ್ ಇತ್ತು. ಅದನ್ನು ಸದ್ಯ ಬದಿಗಿಟ್ಟೆ. ಕೈಗೆತ್ತಿಕೊಂಡಾಗಲೇ ಅದರ ತೂಕ ನನಗೆ ಹಿಡಿಸಿರಲಿಲ್ಲ.

ಉಳಿದವುಗಳಲ್ಲಿ ನಾಲ್ಕು ಬಗೆಯ ಮುದ್ರೆ ಕಂಡವು.

ಹದಿಮೂರು ನಗಗಳ ಮೇಲೆ ಕಿರೀಟ, ‘ಇಂಗ್ಲೆಂಡ್’, ವಿನ್ಯಾಸದ ಹೆಸರು, ಕೆಳಗೆ ವೃತ್ತದೊಳಗಿನ ‘ಸಿ’ ಅಕ್ಷರ, 1962, ರಾಯಲ್ ಆಲ್ಬರ್ಟ್ ಲಿಮಿಟೆಡ್. ಗೆಳತಿ ನನ್ನ ಮುಖದ ಹತ್ತಿರ ಹಿಡಿದ ಕಪ್ಪು ಈ ಗುಂಪಿನದು. ಆ ‘ಸಿ’ ಹಕ್ಕುಸ್ವಾಮ್ಯದ ಗುರುತು, 1962 ವಿನ್ಯಾಸ ಹುಟ್ಟಿದ ವರ್ಷ. ಕಪ್ಪು ಹುಟ್ಟಿದ ವರ್ಷ ಅಲ್ಲ. ಹಾಗಾದರೆ ಕಪ್ಪು 1962ರದ್ದು ಆಗಿರಲೂಬಹುದಲ್ಲ ಅಂತ ಅವಳು ವಾದಕ್ಕೆ ಬಂದಳು. ಬರಲಿ. ಆದರೆ ‘ಲಿಮಿಟೆಡ್’ ಇದೆಯಲ್ಲ? 1970ರ ತನಕ ಆ ಹೆಸರಿನ ಕಂಪನಿಯೇ ಇರಲಿಲ್ಲ. ಹುಟ್ಟದ ಕಂಪನಿ 1962ರಲ್ಲಿ ಕಪ್ಪಿನ ಕೆಳಗೆ ಸಹಿ ಹಾಕಲು ಹೇಗೆ ಸಾಧ್ಯ? ಸಂಗ್ರಾಹಕರು ಈ ಮುದ್ರೆಯನ್ನು ಸುಮಾರು 1973ರಿಂದ 1993ರ ನಡುವಿನದು ಎಂದು ಹಿಡಿಯುತ್ತಾರೆ.

ಎರಡು ಕಪ್ಪು ಮತ್ತು ಹಾಲಿನ ಜಗ್ಗಿನ ಮೇಲೆ ಇಸವಿಯೇ ಇಲ್ಲ. ಕಿರೀಟ, ಹೆಸರು, ಇಂಗ್ಲೆಂಡ್, ಅಷ್ಟೇ. "ಇವು ಖೊಟ್ಟಿ ಏನ್ರೀ ಹಂಗಾರ?" ಅಂದಳು. ಇಲ್ಲ, ಇವೇ ಅಸಲು ಹಳೆಯವು. ಮೊದಲ ಹತ್ತು-ಹನ್ನೊಂದು ವರ್ಷದ ಸಾಮಾನಿನ ಮೇಲೆ ಇಸವಿ ಹಾಕುತ್ತಿರಲಿಲ್ಲ. 1962 ಎಂದು ಬರೆಯದ್ದು 1962ರ ಹತ್ತಿರದ್ದು, ಬರೆದದ್ದು ಅದರಿಂದ ದೂರದ್ದು. ಇದನ್ನು ಅವಳಿಗೆ ಒಪ್ಪಿಸಲು ನನಗೆ ಎರಡು ಕಪ್ಪು ಚಹಾ ಖರ್ಚಾಯಿತು.

ಮೂರು ಸಣ್ಣ ತಟ್ಟೆಗಳಲ್ಲಿ ‘ಲಿಮಿಟೆಡ್’ ಇಲ್ಲ, ಉಳಿದದ್ದೆಲ್ಲ ಇದೆ. ಇವು 1993ರಿಂದ 2002ರ ನಡುವಿನವು. ಕೊನೆಗೆ ಒಂದು ಬಸಿ, ಒಂದು ಸಕ್ಕರೆ ಬಟ್ಟಲು: ಇವುಗಳಲ್ಲಿ ‘ಇಂಗ್ಲೆಂಡ್’ ಎಂಬ ಪದವೇ ಮಾಯ. 2002ರಲ್ಲಿ ತಯಾರಿಕೆ ಇಂಡೋನೇಷ್ಯಾಕ್ಕೆ ಹೋಯಿತು. ಲಾಂಗ್ಟನ್ನಿನ ಹೆಂಗಸರು ತಲೆಮಾರುಗಟ್ಟಲೆ ಅಂಟಿಸುತ್ತಿದ್ದ ಗುಲಾಬಿಯನ್ನು ಈಗ ಬೇರೆ ದ್ವೀಪದ ಹೆಂಗಸರು ಅಂಟಿಸುತ್ತಾರೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ನನ್ನ ಕಣ್ಣಿಗೆ ಕೆಂಪು ತುಸು ಬೇರೆ ಕಾಣುತ್ತದೆ, ಮತ್ತು ಸಂಗ್ರಾಹಕರ ಪೇಟೆಯಲ್ಲಿ ‘ಇಂಗ್ಲೆಂಡ್’ ಎಂಬ ಆ ಒಂದು ಪದಕ್ಕೇ ಬೆಲೆ.

ಅಂದರೆ ‘1962ರ ಸೆಟ್ಟು’ ಎನ್ನಲಾದ ಈ ಗುಂಪಿನಲ್ಲಿ ಆ ಕಾಲಕ್ಕೆ ಹತ್ತಿರದವು ಮೂರೇ. ಉಳಿದವು ಮೂವತ್ತು-ನಲವತ್ತು ವರ್ಷಗಳಲ್ಲಿ ಚದುರಿವೆ.

ಈ ತಪ್ಪು ಬರೀ ರಾಯಲ್ ಆಲ್ಬರ್ಟಿನದಲ್ಲ. ನನ್ನ ಹುಚ್ಚು ಶೆಲ್ಲಿ. ಅದರಲ್ಲೂ ಆರು ಮಡಿಕೆಯ, ಹೂವಿನೆಸಳಿನಂತೆ ಅಂಚು ಬಾಗಿದ ‘ಡೇಂಟಿ’ ಎಂಬ ಆಕಾರ. ಅದರ ಬುಡದಲ್ಲಿ 272101 ಎಂಬ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಖ್ಯೆ 1896ರದ್ದು. ಆಕಾರ ನೋಂದಣಿಯಾದದ್ದು ಆ ವರ್ಷ. 1966ರಲ್ಲಿ ಕಾರ್ಖಾನೆ ಕೈ ಬದಲಾಯಿಸಿ ಶೆಲ್ಲಿ ಹೆಸರು ನಿಲ್ಲುವ ತನಕ ಅದೇ ಆಕಾರ ಮಾಡುತ್ತಲೇ ಇದ್ದರು. ನಾನು ಕೊಂಡ ಮೊದಲ ಶೆಲ್ಲಿ ಕಪ್ಪನ್ನು ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅದು 1950ರ ದಶಕದ್ದಾಗಿತ್ತು. ಹೀಗಾಗಿ ಗೆಳತಿಯನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ.

ಟಾರ್ಚು, ಉಗುರು, ಭೂತಗನ್ನಡಿ

ಕಾಲ ತಿಳಿದ ಮೇಲೆ ಸ್ಥಿತಿ. ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಕಪ್ಪಿನೊಳಗೆ ಇಟ್ಟರೆ ಬೋನ್ ಚೈನಾ ಒಳಗಿನಿಂದ ಬೆಳಗುತ್ತದೆ. ಹೊರಗಿನಿಂದ ನೋಡಿದರೆ ಹಾಲಿನ ಕೆನೆಯ ಬಣ್ಣ. ಬೆಳಕಿಗೆ ಬೆರಳು ಅಡ್ಡ ಹಿಡಿದರೆ ಅದರ ನೆರಳು ಕಾಣಬೇಕು. ಹೀಗೆ ಒಂದೊಂದಾಗಿ ನೋಡುತ್ತ ಹೋದಾಗ, ಇಸವಿಯಿಲ್ಲದ ಆ ಎರಡು ಹಳೆಯ ಕಪ್ಪುಗಳಲ್ಲಿ ಒಂದರ ಹಿಡಿಕೆಯ ಬುಡದಿಂದ ಅಂಚಿನವರೆಗೆ ಕೂದಲೆಳೆಯಷ್ಟು ತೆಳುವಾದ ಒಂದು ಕರಿ ಗೆರೆ ಕಂಡಿತು. ಹಗಲಲ್ಲಿ ಅದು ಗುಲಾಬಿಯ ಎಲೆಯೊಳಗೆ ಅಡಗಿ ಕೂತಿತ್ತು. ಉಗುರಿನಿಂದ ಅಂಚಿಗೆ ತಟ್ಟಿ ನೋಡಿದೆವು. ಪಕ್ಕದ ಕಪ್ಪು ‘ಟಿಣ್’ ಎಂದು ಗಂಟೆಯಂತೆ ನಾದ ಬಿಟ್ಟಿತು, ಇದು ‘ಟಕ್’ ಅಂದು ಸುಮ್ಮನಾಯಿತು. ಸಂತೆಯಲ್ಲಿ ನಮ್ಮ ಅಜ್ಜಿ ಗಡಿಗೆ ಕೊಳ್ಳುವಾಗ ಬೆರಳು ಮಡಿಚಿ ತಟ್ಟಿ ನೋಡುತ್ತಿದ್ದಳಲ್ಲ, ಅದೇ ಪರೀಕ್ಷೆ.

ಜಗ್ಗಿನ ಬಾಯಿಯ ಚಿನ್ನ ಸವೆದಿತ್ತು. ಸಹಜ. ಗುಲಾಬಿಯೂ ಚಿನ್ನವೂ ಮೆರುಗಿನ, ಅಂದರೆ ಗಾಜಿನಂಥ ಹೊಳಪು ಲೇಪದ, ಮೇಲೆ ಇರುವಂಥವು, ಒಳಗಿನವಲ್ಲ. ಮೊದಲು ಹಸಿ ಕಪ್ಪನ್ನು 1200 ಡಿಗ್ರಿಗಿಂತ ಮೇಲೆ ಸುಡುತ್ತಾರೆ. ಆಮೇಲೆ ಮೆರುಗು ಹಚ್ಚಿ ಇನ್ನೊಮ್ಮೆ. ಕೊನೆಗೆ ಬಣ್ಣದ ಚಿತ್ರಪಟವನ್ನು ಅಂಟಿಸಿ ಇನ್ನೂ ಕಡಿಮೆ ಶಾಖದಲ್ಲಿ ಮತ್ತೊಮ್ಮೆ. ಕಡಿಮೆ ಶಾಖದಲ್ಲಿ ಕೂತ ಬಣ್ಣ ಉಜ್ಜಿದರೆ ಏಳುತ್ತದೆ. ಡಿಶ್‌ವಾಷರಿನಲ್ಲಿ ಹಾಕಿದ ಸೆಟ್ಟುಗಳನ್ನು ದೂರದಿಂದಲೇ ಗುರುತಿಸಬಹುದು: ಅಂಚಿನ ಚಿನ್ನ ಮಾಸಿ ಹಿತ್ತಾಳೆಯ ಹಳೆ ತಂಬಿಗೆಯಂತಾಗಿರುತ್ತದೆ. ಮೈಕ್ರೋವೇವಿನಲ್ಲಿಟ್ಟರಂತೂ ಚಿನ್ನದ ಗೆರೆ ಕಿಡಿ ಹಾರಿಸುತ್ತದೆ.

ಭೂತಗನ್ನಡಿಯಲ್ಲಿ ಗುಲಾಬಿಯನ್ನು ನೋಡಿದ ಗೆಳತಿಗೆ ಇನ್ನೊಂದು ನಿರಾಸೆ. ಎಸಳುಗಳು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡವು. "ಕೈಲೆ ಬರದಿಲ್ಲೇನ್ರೀ ಇದನ್ನ?" ಬರೆದಿಲ್ಲ. ಇದು ಅಚ್ಚಿನ ಚಿತ್ರ. ಕೈಯಿಂದ ಗುಲಾಬಿ ಬರೆಯುವ ಕಲಾವಿದರೂ ಈ ಸೀಮೆಯಲ್ಲಿದ್ದರು. ಐನ್ಸ್‌ಲಿಯ ದಪ್ಪ ಗುಲಾಬಿಯ ಕಪ್ಪುಗಳಲ್ಲಿ ಜೆ. ಎ. ಬೇಲಿ ಎಂಬ ಸಹಿ ಹುಡುಕುತ್ತ ಅಲೆಯುವ ಸಂಗ್ರಾಹಕರ ಒಂದು ಪಂಗಡವೇ ಇದೆ. ಅವುಗಳ ಬೆಲೆಯ ಲೋಕವೇ ಬೇರೆ.

ಒಂದು ತಟ್ಟೆಯ ಮುದ್ರೆಗೆ ಅಡ್ಡವಾಗಿ ಗೀಚಿದ ಗೆರೆಯಿತ್ತು. ಅದು ಯಾರೋ ಹುಡುಗರ ಕೆಲಸವಲ್ಲ. ಎರಡನೇ ದರ್ಜೆಯ ಮಾಲು ಎಂದು ಕಾರ್ಖಾನೆಯಲ್ಲೇ ಹಾಕಿದ ಗುರುತು. ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಮೆರುಗಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕುಳಿ ಸಿಕ್ಕಿತು.

ಇನ್ನು ಆ ಟೀಪಾಟ್. ಟಾರ್ಚು ಒಳಗಿಟ್ಟರೆ ಕತ್ತಲೆ. ಬೆಳಕು ಒಂದಿಷ್ಟೂ ಹೊರಗೆ ಬರಲಿಲ್ಲ. ಬೋನ್ ಚೈನಾ ಅಲ್ಲವೇ ಅಲ್ಲ. ಜೇಡಿಮಣ್ಣು, ಚಕಮಕಿ ಕಲ್ಲಿನ ಪುಡಿಯಿಂದ ಮಾಡುವ ಸಾದಾ ಪಿಂಗಾಣಿ. ಗುಲಾಬಿಯೂ ಬೇರೆ ಜಾತಿಯದು. ಹಳದಿ ಹೂವಿಲ್ಲ, ಎಲೆ ಉದ್ದ. ಹೊರಮೈಯ ಮೆರುಗಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು. ಬುಡದಲ್ಲಿ ‘ಇಂಗ್ಲೆಂಡ್’ ಎಂಬ ಒಂದೇ ಮಾತು. ತಯಾರಕರ ಹೆಸರಿಲ್ಲ, ಇಸವಿಯಿಲ್ಲ. ಆ ಮನೆಯ ಇನ್ಯಾವುದೋ ಕಪಾಟಿನಿಂದ ಎತ್ತಿ, ನೋಡಲು ಚೆಂದ ಎಂದು ಸೆಟ್ಟಿನ ನಡುವೆ ಇಟ್ಟು ಫೋಟೋ ಹೊಡೆದಿದ್ದರು. ಇದನ್ನು ತೆಗೆದು ಬದಿಗಿಡು, ಇದು ನಿನ್ನ ಸೆಟ್ಟಿನದಲ್ಲ ಎಂದು ಹೇಳಿದೆ. ಈ ಮಾತು ಆಮೇಲೆ ನನಗೇ ತಿರುಗಿ ಬಂತು.

ಹಾಗಾದರೆ ಮೋಸವೇ?

ಗೆಳತಿಯ ಗಂಡ ಹರಾಜು ಮನೆಗೆ ಫೋನ್ ಮಾಡಿದ. ಮಾರುವ ಮುಂಚೆ ಎರಡು ದಿನ ನೋಡಲು ಇಟ್ಟಿದ್ದೆವು, ನೋಡಿ ಕೂಗಬೇಕಿತ್ತು ಎಂಬ ಉತ್ತರ ಬಂತು. 1962 ಅಂತ ಯಾಕೆ ಬರೆದಿರಿ ಎಂದದ್ದಕ್ಕೆ, ಸಾಮಾನಿನ ಮೇಲೆ ಇದ್ದದ್ದನ್ನೇ ಬರೆದಿದ್ದೇವೆ ಎಂದರು. ತಾಂತ್ರಿಕವಾಗಿ ಸುಳ್ಳಲ್ಲ. ಸರಿಯೂ ಅಲ್ಲ. ದಿನಾ ಇದೇ ಕಸುಬು ಮಾಡುವವರಿಗೆ ಆ ‘ಸಿ’ ಅಕ್ಷರದ ಅರ್ಥ ತಿಳಿಯದೆಂದು ನಾನು ನಂಬಲಾರೆ. ಆದರೂ ಹಿಂದಿರುಗಿಸುವ ಜಗಳಕ್ಕೆ ನಿಲ್ಲಬೇಡಿ ಎಂದೆ, ಕಾರಣ ಬೇರೆ.

ಸೆಟ್ಟನ್ನು ಇನ್ನೊಮ್ಮೆ ನೋಡಿ. ಮೂರು ನಗ 1960ರ ದಶಕದವು ಅಥವಾ ಅದರ ಬೆನ್ನಿಗೆ ಬಂದವು, ಹದಿಮೂರು ಆಮೇಲಿನ ಇಪ್ಪತ್ತು ವರ್ಷದವು, ಮೂರು ತಟ್ಟೆ 1990ರ ದಶಕದವು, ಎರಡು 2002ರ ನಂತರದವು. ಇದು ವ್ಯಾಪಾರಿ ಕೂಡಿಸಿದ ಗುಂಪಿನ ಲಕ್ಷಣವಲ್ಲ. ವ್ಯಾಪಾರಿಯಾದರೆ ಒಂದೇ ಮುದ್ರೆಯವನ್ನು ಹೊಂದಿಸುತ್ತಾನೆ, ಸೀಳಿದ ಕಪ್ಪನ್ನು ಮೊದಲು ಎಸೆಯುತ್ತಾನೆ. ಇಲ್ಲಿ ಯಾರೋ ಒಬ್ಬಾಕೆ ಹೊಸದಾಗಿ ಎರಡು ಕಪ್ಪು, ಒಂದು ಜಗ್ಗು ಕೊಂಡಿದ್ದಾಳೆ, ಅಥವಾ ಯಾರೋ ಕೊಟ್ಟಿದ್ದಾರೆ. ಆಮೇಲೆ ಸಂಸಾರ ಬೆಳೆದಂತೆ ಸೆಟ್ಟು ಬೆಳೆದಿದೆ. ಒಡೆದದ್ದಕ್ಕೆ ಬದಲಿ ಬಂದಿದೆ. ಎರಡನೇ ದರ್ಜೆಯ ತಟ್ಟೆ ಬಹುಶಃ ಕಾರ್ಖಾನೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕದ್ದು. ಕೊನೆಯ ಬಸಿ, ಸಕ್ಕರೆ ಬಟ್ಟಲು ಕೊಳ್ಳುವ ಹೊತ್ತಿಗೆ ಆಕೆಗೆ ವಯಸ್ಸಾಗಿರಬೇಕು. ಇದು ನನ್ನ ಊಹೆಯೇ. ಆದರೆ ಮುದ್ರೆಗಳ ಸಾಲು ಬೇರೇನನ್ನೂ ಹೇಳುವಂತೆ ನನಗೆ ತೋರಲಿಲ್ಲ. ಪೇಟೆಯ ಭಾಷೆಯಲ್ಲಿ ಇದು ‘ಕೂಡಿಸಿದ ಸೆಟ್ಟು’, ಬೆಲೆ ಕಡಿಮೆ. ನನಗೆ ಮಾತ್ರ ಒಂದೇ ಮುದ್ರೆಯ, ಒಮ್ಮೆಯೂ ಚಹಾ ಕಾಣದ, ಗಾಜಿನ ಕಪಾಟಿನ ಸೆಟ್ಟುಗಳಿಗಿಂತ ಇದೇ ಹಿಡಿಸುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಇಂಗ್ಲೆಂಡ್ ಮುದ್ರೆಯ 19 ನಗ ಕೈಯಲ್ಲಿವೆ. ಒಂದು ಸೀಳಿದ್ದು, ಒಂದು ಎರಡನೇ ದರ್ಜೆ. ಇಂಡೋನೇಷ್ಯಾದ ಎರಡನ್ನು ಬದಲಿಸಿದರೆ 21 ಪೂರ್ತಿ. 143 ಪೌಂಡ್ ಸ್ವಲ್ಪ ಹೆಚ್ಚಾಯಿತು, ಲೂಟಿಯಾಗಿಲ್ಲ. ಮುಂದಿನ ಮೂರು ವಾರ ಶನಿವಾರ ಶನಿವಾರ ಇಬ್ಬರೂ ಧರ್ಮಾರ್ಥ ಅಂಗಡಿಗಳನ್ನು ಸುತ್ತಿದೆವು. ಬಸಿ 3 ಪೌಂಡಿಗೆ ಸಿಕ್ಕಿತು, ಸಕ್ಕರೆ ಬಟ್ಟಲು 8ಕ್ಕೆ. ಟೀಪಾಟ್ ಮಾತ್ರ ಸಿಗಲಿಲ್ಲ. ಮುಚ್ಚಳ ಬಿದ್ದು, ಮೂತಿ ತಗುಲಿ ಮೊದಲು ಹೋಗುವುದು ಅದೇ ಆದ್ದರಿಂದ, ನೆಟ್ಟಗೆ ಉಳಿದದ್ದಕ್ಕೆ ಬೆಲೆ ಹೆಚ್ಚು.

ಚಹಾದ ಕಂದು ಕಲೆಯನ್ನು ಅಡುಗೆ ಸೋಡಾದ ಲೇಪದಿಂದ ಬೆರಳಲ್ಲೇ ತೆಗೆದೆವು, ಚಿನ್ನದ ಗೆರೆಗೆ ತಾಗದಂತೆ. ಬ್ಲೀಚ್ ಮುಟ್ಟಬೇಡ ಎಂದೆ. ಸೀಳಿದ ಕಪ್ಪಿಗೆ ಬಿಸಿ ಚಹಾ ಹಾಕಬಾರದು, ಅದು ಕಪಾಟಿಗೆ. ಹಳೆಯ ಕಪ್ಪುಗಳ ಮೇಲುಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದಾದ್ದರಿಂದ ಹುಳಿ ಪದಾರ್ಥವನ್ನು ಅದರಲ್ಲಿ ಹಾಕಿ ಇಡಬೇಡ, ಆಗಾಗ ಚಹಾ ಕುಡಿದರೆ ಸಾಕು ಎಂದೂ ಹೇಳಿದೆ. ತಟ್ಟೆಗಳ ನಡುವೆ ಹಳೆ ಪಂಚೆಯ ತುಂಡು ಹಾಕಿ ಪೇರಿಸಿದಳು. ಅಲ್ಲಿಗೆ ಪ್ರಕರಣ ಮುಗಿಯಿತು ಎಂದುಕೊಂಡೆ.

ಎಲುಬು

ದೀಪಾವಳಿಗೆ ನಾಲ್ಕು ದಿನ ಮುಂಚೆ ರಾತ್ರಿ ಹತ್ತಕ್ಕೆ ಫೋನು. "ಅಕ್ಕಾ, ಬೋನ್ ಅಂದ್ರ ಖರೇನ ಎಲುಬೇನ್ರೀ?"

ಹೌದು, ಹೆಸರಿಗಲ್ಲ, ನಿಜವಾಗಿಯೇ ಎಲುಬು. ಸ್ಟೋಕಿನ ಜೊಸೈಯಾ ಸ್ಪೋಡ್ ತಂದೆ-ಮಗ ಹದಿನೆಂಟನೇ ಶತಮಾನದ ಕೊನೆಯಲ್ಲಿ ಹದಕ್ಕೆ ತಂದ ಪಾಕವೇ ಇಂದಿಗೂ ಅಡಿಗಲ್ಲು: ಅರ್ಧ ಎಲುಬಿನ ಬೂದಿ, ಕಾಲು ಭಾಗ ಕಾರ್ನ್‌ವಾಲಿನ ಬಿಳಿ ಜೇಡಿ, ಕಾಲು ಭಾಗ ಅಲ್ಲಿಯದೇ ಕಲ್ಲಿನ ಪುಡಿ. ಎಲುಬು ದನದ್ದು. ಜಿಡ್ಡು ತೆಗೆದು, ಸುಮಾರು 1000 ಡಿಗ್ರಿಯಲ್ಲಿ ಸುಟ್ಟು, ಅರೆದು ಹಾಕುತ್ತಾರೆ. ಉಳಿಯುವುದು ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜ. ಟಾರ್ಚಿನ ಬೆಳಕು ತೂರಿ ಬರುವುದೂ, ಉಗುರು ತಟ್ಟಿದರೆ ಗಂಟೆ ಬಾರಿಸುವುದೂ, ಇಷ್ಟು ತೆಳುವಾಗಿದ್ದೂ ಗಟ್ಟಿಯಾಗಿರುವುದೂ ಅದರಿಂದಲೇ. ಹದಿನೈದು ವರ್ಷ ಇದನ್ನೆಲ್ಲ ಕಂಡವರಿಗೆಲ್ಲ ಹೇಳುತ್ತ ಬಂದ ನಾನು, ಮಂಗಳವಾರ ಬೆಳ್ಳುಳ್ಳಿಯನ್ನೂ ಮುಟ್ಟದ ಅವಳ ಅತ್ತೆಯ ವಿಷಯ ಕೇಳಿದಾಗ ಈ ಮಾತನ್ನು ಯಾಕೆ ಎತ್ತಲಿಲ್ಲವೋ. ಹೂವು ನೋಡಬೇಡ, ಬುಡ ನೋಡು ಎಂದವಳು ಬುಡದ ಮೇಲಿನ ‘ಬೋನ್’ ಪದವನ್ನೇ ಹಾರಿಸಿ ಓದಿದ್ದೆ.

ಕೆಲವರು ಇಂಥದ್ದನ್ನು ಹೇಳದೆ ನುಂಗಿಬಿಡುತ್ತಾರೆ. ಅವಳ ಗಂಡನೂ ಅದನ್ನೇ ಅಂದಿದ್ದ. ನಾನು ಹೇಳಿಬಿಡು ಎಂದೆ. ಕುಡಿಸಿದ ಮೇಲೆ ಗೊತ್ತಾದರೆ ಜೀವಮಾನಪೂರ್ತಿ ಉಳಿಯುತ್ತದೆ.

ಹೇಳಿದಳು. ಮಗ ವಿಜ್ಞಾನ ಹಿಡಿದು ಕೂತನಂತೆ: ಸುಟ್ಟು ಬೂದಿಯಾಗಿದೆ, ಮತ್ತೆ ಮೂರು ಸಲ ಭಟ್ಟಿಯಲ್ಲಿ ಬೆಂದಿದೆ, ಅದರಲ್ಲಿ ಎಲುಬಿನದೇನೂ ಉಳಿದಿಲ್ಲ ಎಂದು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಬೂದಿ ಖರೇ. ಆದ್ರ ಯಾತರ ಬೂದಿ ಅನ್ನೂದು ಇರ್ತೈತಲ್ಲಪಾ" ಎಂದರಂತೆ. ದಿನಾ ಹಣೆಗೆ ವಿಭೂತಿ ಇಡುವವರಿಗೆ ಬೂದಿಯ ವಿಷಯದಲ್ಲಿ ಯಾರು ಪಾಠ ಹೇಳುವುದು?

ಪಾಡ್ಯದ ದಿನ ನಾನು ಹೋದಾಗ ಊಟದ ಮೇಜಿನ ಮೇಲೆ ಗುಲಾಬಿ ಕಪ್ಪುಗಳು ಇದ್ದವು, ಉಳಿದವರಿಗೆ. ಮಾವನವರಿಗೆ ಈ ತಕರಾರೇನೂ ಇರಲಿಲ್ಲ. ಅವರು ಚಹಾವನ್ನು ಬಸಿಗೆ ಸುರುವಿ, ಎರಡೂ ಕೈಯಲ್ಲಿ ಹಿಡಿದು, ಸೊರ್ ಎಂದು ಎಳೆದರು. ಸೊಸೆ ನನ್ನ ಕಡೆ ನೋಡಿದಳು. ನಾನು ಬಿಡಲಿಲ್ಲ: ಈ ದೇಶದವರೂ ಒಂದು ಕಾಲಕ್ಕೆ ಹೀಗೆಯೇ ಬಸಿಯಲ್ಲಿ ಆರಿಸಿ ಕುಡಿಯುತ್ತಿದ್ದರು, ಆಮೇಲೆ ಅದು ಮರ್ಯಾದೆಯಲ್ಲ ಅಂತ ಬಿಟ್ಟರು ಎಂದೆ. ಮಾವ ಇನ್ನೊಂದು ಬಸಿ ತುಂಬಿಸಿಕೊಂಡರು.

ಅತ್ತೆಯ ಮುಂದೆ ಸ್ಟೀಲ್ ಲೋಟವಿತ್ತು. ಅದರ ಪಕ್ಕ, ನಾನು ಸೆಟ್ಟಿನದಲ್ಲ ಎಂದು ಹೊರಗೆ ಹಾಕಿಸಿದ್ದ ಆ ದಪ್ಪ ಟೀಪಾಟ್. ಗೆಳತಿ ಮೆಲ್ಲಗೆ ಹೇಳಿದಳು: ಮಣ್ಣಿನದು, ಎಲುಬಿಲ್ಲದ್ದು ಇದೊಂದೇ ಎಂದು ತಿಳಿದ ಮೇಲೆ ಅತ್ತೆಯೇ ಅದನ್ನು ಅಟ್ಟದಿಂದ ಇಳಿಸಿ, ಬಿಸಿನೀರು ತುಂಬಿ ಒಂದು ರಾತ್ರಿ ಇಟ್ಟು ಸೋರುತ್ತದೆಯೇ ಎಂದು ನೋಡಿ, ಮರುದಿನದಿಂದ ಶುಂಠಿ ಚಹಾ ಅದರಲ್ಲೇ ಸೋಸಿಡುತ್ತಿದ್ದಾರಂತೆ. ಬಿರುಕಿನ ಬಲೆ ಹೊರಮೈಯಲ್ಲಷ್ಟೇ ಇತ್ತು, ಒಳಗೆ ಇರಲಿಲ್ಲ. ಅದನ್ನೂ ಆಕೆ ನೋಡಿಕೊಂಡಿದ್ದರು.

ನಾನು ಬಂದದ್ದು ಕಂಡು, ಪಾಟನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ವಾಲಿಸಿದರು.

"ನೀವ ಏನ್ರಿ ಕೆಳಗ ಬರದದ್ದು ಓದಾಕಿ? ಇದರ ಕೆಳಗ ಏನ ಬರದೈತಿ?"

"ಊರಿನ ಹೆಸರೊಂದು ಬಿಟ್ರ ಏನೂ ಇಲ್ರೀ ಅವ್ವಾರ."

"ಚಲೋ ಆತು ಬಿಡ್ರಿ," ಎಂದು ನನ್ನ ಲೋಟಕ್ಕೂ ಬಗ್ಗಿಸಿದರು.